ಬಾಯ್ಲರಿನ ಕೆಂಪು ಗುಂಡಿ

ಅಮೆರಿಕದ ವುಡಿನ್‌ವಿಲ್‌ನಲ್ಲಿ ನಾವು ಕೊಂಡ ಮನೆಯ ಜೊತೆಗೇ ಬಂದ ಬಾಯ್ಲರ್‌ಗೆ ಮೂವತ್ತು ವರ್ಷದ ಮೇಲಾಗಿತ್ತು. ಗರಾಜಿನ ಪಕ್ಕದ ಪುಟ್ಟ ಕೋಣೆಯಲ್ಲಿ ನಿಂತು ಗ್ಯಾಸ್ ಉರಿಸುವುದು, ನೀರು ಕಾಯಿಸುವುದು, ಆ ಬಿಸಿನೀರನ್ನು ಗೋಡೆಗಳ ಬುಡದ ಕೊಳವೆಗಳಲ್ಲಿ ಓಡಿಸಿ ಮನೆಯನ್ನೆಲ್ಲ ಬೆಚ್ಚಗಿಡುವುದು ಅದರ ಕೆಲಸ. ಮೊದಲ ದಿನದಿಂದಲೂ ನನಗೆ ಅದರ ಮೇಲೆ ಅಸಡ್ಡೆ. ಬೆಲ್ವ್ಯೂ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದೇ ಹಳೆಯ ಸಾಫ್ಟ್‌ವೇರ್ ಕಿತ್ತು ಹೊಸದನ್ನು ಕೂರಿಸುವುದಕ್ಕೆ. ಹಳೆಯದು ಕಣ್ಣಿಗೆ ಬಿದ್ದರೆ ನನ್ನ ಕೈ ತುರಿಸುತ್ತದೆ.

ಆ ವರ್ಷ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಹಾಗಾಗಿ ಕೆಳಗಿನ ಕೋಣೆ ಅವರದಾಯಿತು. ಆ ಕೋಣೆಗೂ ಬಾಯ್ಲರ್ ಕೋಣೆಗೂ ನಡುವೆ ಒಂದೇ ಗೋಡೆ. ಸ್ವಲ್ಪ ಥಂಡಿಯಾದರೂ ಅವರ ಮಂಡಿ ಊದಿಕೊಂಡು ಹಾಸಿಗೆಯಿಂದ ಏಳುವುದೇ ಕಷ್ಟವಾಗುತ್ತಿತ್ತು. ಅಮ್ಮನ ಕೋಣೆ ಬೆಚ್ಚಗಿರಬೇಕು, ಉಳಿದದ್ದು ಏನಾದರೂ ಆಗಲಿ ಎಂದು ಹೆಂಡತಿ ಮೊದಲೇ ನನಗೆ ತಾಕೀತು ಮಾಡಿದ್ದಳು.

ಅತ್ತೆಗೆ ಒಂದು ಅಭ್ಯಾಸ. ಎಂಥ ಚಳಿಯಿದ್ದರೂ ಕಿಟಕಿಯನ್ನು ಎರಡು ಬೆರಳಷ್ಟು ತೆರೆದಿಡಬೇಕು. ಎಲ್ಲ ಮುಚ್ಚಿದರೆ ಉಸಿರು ಕಟ್ಟಿದ ಹಾಗಾಗುತ್ತದೆ ಅನ್ನುತ್ತಿದ್ದರು. ಕಾಯಿಸಿದ್ದೆಲ್ಲ ಬೀದಿಪಾಲಾಗುತ್ತದಲ್ಲ ಎಂದು ನಾನು ಆಫೀಸಿಗೆ ಹೊರಡುವ ಮುಂಚೆ ಹೋಗಿ ಮುಚ್ಚುತ್ತಿದ್ದೆ. ಸಂಜೆ ಬಂದು ನೋಡಿದರೆ ಮತ್ತೆ ಎರಡು ಬೆರಳು. ಈ ಬಗ್ಗೆ ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಅತ್ತೆ ಅಳಿಯನ ಮರ್ಯಾದೆ ಅಂತ ಒಂದಿದೆಯಲ್ಲ.

ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ಎರಡು ಕಾರು, ಮೂರು ಲ್ಯಾಪ್‌ಟಾಪ್, ಮಿಕ್ಸಿ, ಹುಲ್ಲು ಕತ್ತರಿಸುವ ಯಂತ್ರ ಎಲ್ಲಕ್ಕೂ ಅರಿಶಿನ ಕುಂಕುಮ ಆಯಿತು. ಆಗ ಅತ್ತೆ, "ಆ ಒಲೆಗೆ?" ಎಂದು ಕೇಳಿದರು. ಅವರ ಬಾಯಲ್ಲಿ ಬಾಯ್ಲರ್ ಅಂದರೆ ಒಲೆಯೇ. ಮೈಸೂರಿನ ವಠಾರದ ಬಚ್ಚಲುಮನೆಯಲ್ಲಿ ಗರಿ, ಕರಟ ಉರಿಸಿ ಹಂಡೆ ಕಾಯಿಸುತ್ತ ಬೆಳೆದವರು ಅವರು. ಈ ಮನೆಯಲ್ಲಿ ಹಗಲೂ ರಾತ್ರಿ ದುಡಿಯುವುದು ಅದೊಂದೇ, ಅದನ್ನೇ ಬಿಟ್ಟರೆ ಹೇಗೆ ಎಂಬುದು ಅವರ ವಾದ. ಸರಿ, ಅದಕ್ಕೂ ಒಂದು ಚೆಂಡುಹೂವಿನ ಹಾರ ಬಿತ್ತು.

ತೊಂದರೆ ಕೊಟ್ಟದ್ದು ದೀಪ. ಬಾಯ್ಲರ್ ಕೋಣೆಯ ಹೊರಗೋಡೆಯಲ್ಲಿ ಮೇಲೊಂದು ಕೆಳಗೊಂದು ಜಾಲರಿ ಹಾಕಿದ ಕಂಡಿಗಳಿದ್ದವು. ಅಲ್ಲಿಂದ ಬೀಸುವ ಗಾಳಿಗೆ ದೀಪ ಮೂರು ಸಲ ಹೋಯಿತು. ಅತ್ತೆ ದೀಪ ಆರಿತು ಎಂದು ಎಂದೂ ಹೇಳುವವರಲ್ಲ, ಶಾಂತವಾಯಿತು ಎನ್ನುತ್ತಾರೆ. ಮೂರನೆಯ ಸಲ ಅದನ್ನೂ ಹೇಳದೆ ಮುಖ ಸಣ್ಣದು ಮಾಡಿಕೊಂಡರು. ನನಗೆ ನೋಡಲಾಗಲಿಲ್ಲ. ಒಂದು ಪಾರ್ಸೆಲ್ ಡಬ್ಬದ ರಟ್ಟು ಕತ್ತರಿಸಿ ಎರಡೂ ಕಂಡಿಗಳಿಗೆ ಟೇಪ್ ಹಚ್ಚಿ ಮುಚ್ಚಿದೆ. ದೀಪ ಅಲುಗಾಡದೆ ನಿಂತಿತು. ಪೂಜೆ ಮುಗಿದ ಮೇಲೂ ನಾನು ರಟ್ಟು ತೆಗೆಯಲಿಲ್ಲ. ಮನೆ ಬಿಸಿ ಮಾಡುವ ಕೋಣೆಗೇ ತಣ್ಣನೆ ಗಾಳಿಯ ಕಂಡಿ ಇಟ್ಟವನು ಯಾವ ಬುದ್ಧಿವಂತನೋ ಎಂದುಕೊಂಡು, ಅವನ ತಪ್ಪನ್ನು ತಿದ್ದಿದ ಸಂತೋಷದಲ್ಲಿದ್ದೆ.

ಅದೇ ದಿನ ಸಾಂಬ್ರಾಣಿ ಹೊಗೆಗೆ ನಡುಮನೆಯ ಅಲಾರಂ ಕಿರುಚಿಕೊಂಡಿತು. ನಮ್ಮವರ ಮನೆಗಳಲ್ಲಿ ಆ ಅಲಾರಂ ಒಗ್ಗರಣೆಗೆ ಹುಟ್ಟಿದ ಶತ್ರು. ಹೊಗೆಗೂ, ವಾಸನೆಯಿಲ್ಲದ ವಿಷಗಾಳಿಗೂ ಅದೊಂದೇ ಕಾವಲು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಇಳಿಸಿ, ಬ್ಯಾಟರಿ ಕಿತ್ತು, ಎರಡನ್ನೂ ಅಡುಗೆಮನೆಯ ಡ್ರಾಯರಿಗೆ ಹಾಕಿ ಮರೆತೆ.

ಹಬ್ಬ ಕಳೆದು ವಾರವಾಗುವಷ್ಟರಲ್ಲಿ ಚಳಿ ಏರಿತು, ಬಾಯ್ಲರ್ ಕೈಕೊಟ್ಟಿತು. ಬೆಳಿಗ್ಗೆ ಎದ್ದರೆ ಕೊಳವೆಗಳು ತಣ್ಣಗೆ. ಹೊಗೆಕೊಳವೆಯ ಬುಡದ ಹತ್ತಿರ ಒಂದು ಸಣ್ಣ ಕೆಂಪು ಗುಂಡಿಯಿತ್ತು. ಅದನ್ನು ಒತ್ತಿದರೆ ಹೊತ್ತಿಕೊಳ್ಳುತ್ತಿತ್ತು, ಮರುದಿನ ಬೆಳಿಗ್ಗೆ ಮತ್ತೆ ನಿಂತಿರುತ್ತಿತ್ತು. ಹೀಗೆ ಹನ್ನೊಂದು ದಿನ ಒತ್ತಿದೆ. ಅತ್ತೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು, ತಮಗೇನೂ ಚಳಿಯಿಲ್ಲ ಅನ್ನುತ್ತಿದ್ದರು. ಹೆಂಡತಿ ನನ್ನನ್ನು ನೋಡುವ ನೋಟಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ಆ ಸಿಟ್ಟನ್ನೆಲ್ಲ ಬಾಯ್ಲರ್ ಮೇಲೆ ತೀರಿಸಿಕೊಂಡೆ. ಒಂದೆರಡು ಸಲ ಒದ್ದೆ ಕೂಡ.

ಒಂದು ಕಂಪನಿಗೆ ಫೋನ್ ಮಾಡಿದೆ. ಬಂದ ಮಹಾಶಯ ಬಾಗಿಲಲ್ಲೇ ನಿಂತು ಟಾರ್ಚ್ ಬಿಟ್ಟ, ನಾಲ್ಕು ಫೋಟೋ ತೆಗೆದ, ಇದರ ಆಯಸ್ಸು ಮುಗಿಯಿತು, ತೆಗೆಸಿ ಹೊಸದು ಹಾಕಿಸಿ ಎಂದ. ನನ್ನ ಭಾಷೆ ಆಡುವವನೊಬ್ಬ ಸಿಕ್ಕ ಎಂದು ಖುಷಿಯಾಯಿತು. ಸಹಿ ಹಾಕುವುದರಲ್ಲಿದ್ದೆ. ಇನ್ನೊಬ್ಬರನ್ನು ಕೇಳಿ ಎಂದು ಹೆಂಡತಿ ತಡೆದಳು. ಹಳೆಯ ಬಾಯ್ಲರ್‌ಗಳನ್ನಷ್ಟೇ ನೋಡುವ ಒಬ್ಬರಿದ್ದಾರೆ ಎಂದು ಪಕ್ಕದ ಮನೆಯವರು ನಂಬರ್ ಕೊಟ್ಟರು.

ಬಂದವರು ಎಪ್ಪತ್ತರ ಹತ್ತಿರದ ಹೆಂಗಸು. ನೆರೆತ ಕೂದಲಿನ ಜಡೆ, ಎರಡೂ ಮಂಡಿಗೆ ದಪ್ಪ ಪಟ್ಟಿ. ಅತ್ತೆಯ ಕಣ್ಣು ಮೊದಲು ಹೋದದ್ದು ಆ ಪಟ್ಟಿಗಳ ಮೇಲೆ. ಇದು ಕೆಲಸಕ್ಕೆ ಬಾರದು ಎಂದು ನೀವೂ ಒಂದು ಮಾತು ಹೇಳಿದರೆ ಸಾಕು ಎಂಬ ಧಾಟಿಯಲ್ಲಿ ನಾನು ವಿವರಿಸಿದೆ. ಅವರು ಮೂಲೆಯಲ್ಲಿದ್ದ ಬಕೆಟ್ ಬೋರಲು ಹಾಕಿ, ಬಾಯ್ಲರ್ ಎದುರು ಕುಳಿತು, ಅದನ್ನು ನೋಡತೊಡಗಿದರು. ಸಾಮಾನಿನ ಚೀಲ ಬಿಚ್ಚಲೇ ಇಲ್ಲ. ಹತ್ತು ನಿಮಿಷವಾಯಿತು. ನನಗೆ ಮೀಟಿಂಗ್ ಇತ್ತು, ವಾಚು ನೋಡಿಕೊಂಡೆ.

ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಈ ತೊಂದರೆ ಶುರುವಾಗುವ ಮೊದಲು ಮನೆಯಲ್ಲಿ ಏನು ಬದಲಾಯಿತು?

ಏನೂ ಬದಲಾಗಿಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಸೌಜನ್ಯಕ್ಕೆಂದು ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ಯಾಕೆ, ಹಬ್ಬ ಆಯ್ತಲ್ಲ," ಎಂದರು ಅತ್ತೆ. ಬಾಯ್ಲರಿನ ಹಣೆಯ ಮೇಲೆ, ಹೊಗೆಕೊಳವೆ ಶುರುವಾಗುವಲ್ಲಿ, ಕಪ್ಪಗೆ ಹರಡಿದ್ದ ಕಲೆಯತ್ತ ಬೆರಳು ತೋರಿಸಿದರು. "ಅಲ್ಲಿ ಮಸಿ ನೋಡಿ. ಒಲೆಗೆ ಗಾಳಿ ಸಾಲದೇ ಇದ್ರೆ ಹೀಗೇ ಆಗೋದು."

ಆ ಹೆಂಗಸಿಗೆ ಮಾತು ಅರ್ಥವಾಗಲಿಲ್ಲ, ಬೆರಳು ಅರ್ಥವಾಯಿತು. ಹೌದು ಹೌದು ಎಂದು ತಲೆಯಾಡಿಸಿ, ಒಂದು ಬೆಂಕಿಕಡ್ಡಿ ಇದೆಯೇ ಎಂದು ಕೇಳಿದರು. ಅತ್ತೆ ದೇವರ ಗೂಡಿನಿಂದ ಬೆಂಕಿಪೊಟ್ಟಣದ ಜೊತೆಗೆ ಊದುಬತ್ತಿಯನ್ನೂ ತಂದರು. ಆಕೆ ನಕ್ಕು ಊದುಬತ್ತಿಯನ್ನೇ ಆರಿಸಿಕೊಂಡರು. ಕೆಂಪು ಗುಂಡಿ ಒತ್ತಿ ಬಾಯ್ಲರ್ ಹೊತ್ತಿಸಿ, ಕೆಲವು ನಿಮಿಷ ಬಿಟ್ಟು, ಹೊಗೆಕೊಳವೆಯ ಬಾಯಿಗೆ ಊದುಬತ್ತಿ ಹಿಡಿದರು. ಹೊಗೆ ಒಳಗೆ ಹೋಗಿ ಮೇಲೇರಬೇಕಿತ್ತು. ನೇರವಾಗಿ ನಮ್ಮ ಮುಖಕ್ಕೆ ಬಂತು. ಆಕೆ ತಕ್ಷಣ ಬಾಯ್ಲರ್ ನಿಲ್ಲಿಸಿದರು.

ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಒಣಗಿದ ಹಾರವನ್ನೂ ಕುಂಕುಮವನ್ನೂ ನೋಡುತ್ತ ಬಾಯ್ಲರಿನ ಹಿಂಬದಿಗೆ ಹೋದರು. ರಟ್ಟು ಕಂಡಿತು. ಯಾರು ಮಾಡಿದ್ದು ಎಂದು ಕೇಳಲಿಲ್ಲ. ಹಾರ ಹರಿಯದಂತೆ ಪಕ್ಕಕ್ಕೆ ಸರಿಸಿ, ಟೇಪ್ ಕಿತ್ತರು. ತಣ್ಣನೆ ಗಾಳಿ ನುಗ್ಗಿತು. ಮತ್ತೆ ಹೊತ್ತಿಸಿ ಮತ್ತೆ ಊದುಬತ್ತಿ ಹಿಡಿದರು. ಈ ಸಲ ಹೊಗೆ ಸೂಜಿಗೆ ಪೋಣಿಸಿದ ದಾರದ ಹಾಗೆ ಬಾಗಿ ಕೊಳವೆಯೊಳಕ್ಕೆ ಹೋಯಿತು. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕುಳಿತು ನಾನು ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿರಲಿಲ್ಲ.

ಅವರು ಕೆಂಪು ಗುಂಡಿಯನ್ನು ಮುಟ್ಟಿ ತೋರಿಸಿದರು. ಉರಿದ ಗಾಳಿ ಹೊರಗೆ ಹೋಗದೆ ಮನೆಯೊಳಕ್ಕೆ ವಾಪಸ್ಸು ಬಂದರೆ ಆ ಬಿಸಿಯನ್ನು ಗುರುತಿಸಿ ಬೆಂಕಿ ನಿಲ್ಲಿಸುವುದು ಅದರ ಕೆಲಸವಂತೆ. "ಇದು ಕೆಟ್ಟಿರಲಿಲ್ಲ," ಎಂದರು. "ನಿಮ್ಮನ್ನು ಉಳಿಸೋಕೆ ನಿಲ್ತಾ ಇತ್ತು."

ಎಷ್ಟು ಸಲ ಒತ್ತಿದಿರಿ ಎಂದು ಕೇಳಿದರು. ಹನ್ನೊಂದು ಎಂದೆ. ಅಲಾರಂ ಎಲ್ಲಿ ಎಂದರು. ಡ್ರಾಯರಿನಲ್ಲಿ ಎಂದೆ. ಬೈಯಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಈ ಗೋಡೆಯ ಆಚೆ ಯಾರು ಮಲಗುತ್ತಾರೆ ಎಂದು ಕೇಳಿದರು. ನಾನು ಅತ್ತೆಯತ್ತ ಕೈ ತೋರಿಸಿದೆ.

"ಏನಂತೆ?" ಎಂದರು ಅತ್ತೆ.

ಮೃದು ಮಾಡಿ ಹೇಳಬಹುದಿತ್ತು. ಇಂಗ್ಲಿಷಿನಲ್ಲಿ ಆಡಿದ್ದರಲ್ಲಿ ಅರ್ಧ ನುಂಗಿಕೊಂಡರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಹತ್ತು ನಿಮಿಷ ಬಕೆಟ್ ಮೇಲೆ ಕುಳಿತು ನೋಡಿದ್ದ ಆಕೆಯ ಎದುರು ನನಗೆ ಸುಳ್ಳು ಬರಲಿಲ್ಲ.

"ಅದಕ್ಕೆ ಬೇಕಾಗಿದ್ದ ಗಾಳೀನ ನಾನೇ ಮುಚ್ಚಿದ್ದೆ ಅತ್ತೆ. ವಿಷದ ಗಾಳಿ ನಿಮ್ಮ ಕೋಣೆಗೇ ಬರಬಹುದಾಗಿತ್ತು. ಬಾಯ್ಲರ್ ತಾನಾಗೇ ನಿಂತ್ಕೊಳ್ತಿತ್ತು. ನಾನು ದಿನಾ ಬೆಳಿಗ್ಗೆ ಹೋಗಿ ಮತ್ತೆ ಹಚ್ತಿದ್ದೆ."

ಅತ್ತೆ ಒಳಗೆ ಹೋದರು. ನಾನು ಮೀಟಿಂಗಿಗೆ ಹೋಗಲಿಲ್ಲ.

ಆ ಮಧ್ಯಾಹ್ನವೆಲ್ಲ ಆಕೆ ಕೆಲಸ ಮಾಡಿದರು. ಮೊದಲು ಅತ್ತೆಯ ಕೋಣೆಗೆ ಹೋಗಿ ಒಂದು ಉಪಕರಣ ಹಿಡಿದು ಗಾಳಿ ಅಳೆದರು, ಈಗ ಭಯವಿಲ್ಲ ಎಂದರು. ಆಮೇಲೆ ಬಾಯ್ಲರಿನೊಳಗೆ ಗ್ಯಾಸ್ ಉರಿಯುವ ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿ ಬ್ರಷ್ಷಿನಿಂದ ಮಸಿ ಉಜ್ಜಿದರು. ನಾನು ಒತ್ತಿ ಒತ್ತಿ ದಣಿಸಿದ್ದ ಗುಂಡಿಯನ್ನು ತೆಗೆದು ಅಂಥದೇ ಹೊಸದನ್ನು ಕೂರಿಸಿದರು. ಅಷ್ಟರಲ್ಲಿ ಅತ್ತೆ ಎರಡು ಸ್ಟೀಲ್ ಲೋಟದಲ್ಲಿ ಕಾಫಿ ತಂದರು. ನನಗಲ್ಲ. ಒಬ್ಬರು ಬಕೆಟ್ ಮೇಲೆ, ಒಬ್ಬರು ಕುರ್ಚಿಯ ಮೇಲೆ, ಅಕ್ಕಪಕ್ಕ ಕುಳಿತು, ಹಳದಿಯಾಗಿದ್ದ ಉರಿ ನೀಲಿಯಾಗಿ ನಿಲ್ಲುವುದನ್ನು ನೋಡುತ್ತ ಕಾಫಿ ಕುಡಿದರು. ತಂತಮ್ಮ ಮಂಡಿಯನ್ನು ತಟ್ಟಿ ತೋರಿಸಿಕೊಂಡು ಏನೋ ಮಾತೂ ಆಡಿಕೊಂಡರು, ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ. ನಾನು ಅಲಾರಂಗೆ ಬ್ಯಾಟರಿ ಹಾಕಿ ಗೋಡೆಗೆ ಸಿಕ್ಕಿಸಿದೆ. ಅದು ಒಮ್ಮೆ ಕಿರುಚಿದ್ದಕ್ಕೆ ಇಬ್ಬರೂ ತಿರುಗಿ ನೋಡಿದರು. ಆ ಇಬ್ಬರ ಮೇಲೂ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಹೊರಡುವಾಗ ಹೊಸದು ಹಾಕಿಸಬೇಕೇ ಎಂದು ಕೇಳಿದೆ. ಈ ಸಲ ನಿಜವಾಗಿ ಕೇಳಿದೆ. ಒಂದಲ್ಲ ಒಂದು ದಿನ ಇದರ ಕಬ್ಬಿಣ ಬಿರಿಯುತ್ತದೆ, ಆಗ ತೆಗೆಸಲೇಬೇಕು, ನಾನೇ ಬಂದು ಹೇಳುತ್ತೇನೆ ಎಂದರು. ಈ ಚಳಿಗಾಲಕ್ಕಂತೂ ಅಲ್ಲ ಎಂದು ಬಾಯ್ಲರಿನ ಬೆನ್ನು ತಟ್ಟಿ ಹೋದರು.

ನಾನು ಒಣಗಿದ ಹಾರ ತೆಗೆಯುತ್ತಿದ್ದಾಗ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು. ಹೊಸ ಗುಂಡಿಯ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟರು.

"ನನ್ನ ದೀಪಕ್ಕೇ ಅಲ್ವೇ ನೀವು ಮುಚ್ಚಿದ್ದು," ಎಂದರು. ನಾನು ತಲೆ ತಗ್ಗಿಸಿದೆ. ಆಮೇಲೆ, ಆ ಪದವನ್ನು ಎಂದೂ ಆಡದವರು ಹೇಳಿದರು: "ಇನ್ಮೇಲೆ ದೀಪ ಆರಿದ್ರೆ ಆರ್ಲಿ ಬಿಡಿ."

ಮರುದಿನ ಬೆಳಿಗ್ಗೆ ಕೊಳವೆಗಳು ಬಿಸಿಯಾಗಿದ್ದವು. ಆಫೀಸಿಗೆ ಹೊರಡುವ ಮುಂಚೆ ಅಭ್ಯಾಸಬಲದಿಂದ ಅತ್ತೆಯ ಕೋಣೆಗೆ ಹೋದೆ. ಕಿಟಕಿ ಎರಡು ಬೆರಳಷ್ಟು ತೆರೆದಿತ್ತು. ನಾನು ಎಷ್ಟು ಸಲ ಮುಚ್ಚಿದರೂ ಅದು ಆ ಹನ್ನೊಂದು ರಾತ್ರಿಯೂ ಹಾಗೇ ತೆರೆದಿತ್ತು. ಅದನ್ನು ಮುಟ್ಟದೆ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದೆ.