ಚೀರುವ ಬ್ರೇಕು

ನಾಗನೂರಿನ ನಮ್ಮ ಓಣಿಯ ಧರಣೇಂದ್ರ ಕಾಕಾ ಕಾರನ್ನು ಜೋರಾಗಿ ಓಡಿಸುತ್ತಿದ್ದದ್ದು ಶೋಕಿಗಾಗಿ ಅಲ್ಲ, ಊಟಕ್ಕಾಗಿ.

ಅವರಿಗೆ ಹುಕ್ಕೇರಿಯಲ್ಲಿ ಬೀಜ ಮತ್ತು ಪೈಪುಗಳ ಅಂಗಡಿ ಇತ್ತು. ಅಂಥ ಅಂಗಡಿಗಳಲ್ಲಿ ಹುಳದ ಔಷಧವೂ ಇರುತ್ತದೆ, ಹೆಚ್ಚಿನ ಲಾಭವೂ ಅದರಲ್ಲೇ. ಕಾಕಾ ಅದನ್ನು ಇಟ್ಟಿರಲಿಲ್ಲ. ಕೇಳಿಕೊಂಡು ಬಂದವರನ್ನು ಎದುರಿನ ಅಂಗಡಿಗೆ ಕಳಿಸುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅನ್ನ ನೀರು ಮುಟ್ಟುವುದಿಲ್ಲ ಎಂಬ ನಿಯಮವನ್ನು ಮದುವೆಗೆ ಮುಂಚೆಯೇ ತೆಗೆದುಕೊಂಡಿದ್ದರು. ದೀಪಕ್ಕೆ ಬರುವ ಹುಳ ತಿಳಿಯದೆ ತುತ್ತಿನಲ್ಲಿ ಸಾಯಬಾರದು ಎಂಬುದು ಜೈನರ ಈ ನಿಯಮದ ಅರ್ಥ. ಮನೆಗೆ ಬರುವುದು ತಡವಾದರೆ ಮರುದಿನ ಬೆಳಗಿನವರೆಗೆ ಉಪವಾಸ.

ತಾವೊಬ್ಬರೇ ಉಪವಾಸ ಇರುವುದು ಕಾಕಾಗೆ ಕಷ್ಟವಾಗಿರಲಿಲ್ಲ. ಆದರೆ ಅವರ ತಾಯಿ ಅಕ್ಕಾತಾಯಿಗೂ ಅದೇ ನಿಯಮವಿತ್ತು. ಅದರ ಮೇಲೆ ಅವರೇ ಮಾಡಿಕೊಂಡ ಇನ್ನೊಂದಿತ್ತು: ಮಗ ಉಣ್ಣದೆ ತಾವು ಉಣ್ಣುವುದಿಲ್ಲ. ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆಗೆ ಗುಳಿಗೆ ನಡೆದಿತ್ತು. ಮಗ ತಡ ಮಾಡಿದ ರಾತ್ರಿ ಅವರು ಬೆವರಿ ನಡುಗುತ್ತಿದ್ದರು. ಹೀಗೇ ಆದರೆ ಒಂದು ದಿನ ಎಚ್ಚರ ತಪ್ಪುತ್ತದೆ ಎಂದು ಮೂಡಲಗಿಯ ಡಾಕ್ಟರು ಹೇಳಿದ್ದರು.

“ಬುತ್ತಿ ಕಟ್ಟಿ ಕೊಡತೇನಿ, ಅವರು ಅಂಗಡ್ಯಾಗ ಉಣ್ಲಿ. ನೀವು ಇಲ್ಲಿ ಉಣ್ರಿ ಅತ್ತಿ,” ಎಂದು ಕಾಕಾನ ಹೆಂಡತಿ ವಂದನಾ ಎಷ್ಟೋ ಸಲ ಹೇಳಿದ್ದರು.

“ಮುಂಜಾನಿ ರೊಟ್ಟಿ ಸಂಜಿಗೆ ತಗಡ ಆಗತೈತಿ. ನೀರರೆ ಯಾವ ಬಾವೀದೋ. ನನ್ನ ಮಗ ಮನ್ಯಾಗ ಬಿಸೇದು ಉಣ್ಲಿ.”

“ಹಂಗಾರ ನಿಮ್ಮ ಮಗ ಒಂದು ವಿಮಾನ ತಗೊಳ್ಳಲಿ.”

ವಿಮಾನದ ಬದಲು ಎಂಜಿನ್ ಬಂತು. ಅದು ಎರಡು ಸಾವಿರದ ಇಸವಿ. ಗೋಕಾಕದ ಮೆಕ್ಯಾನಿಕ್ ಬಾಳೇಶ, ಅಪಘಾತದಲ್ಲಿ ಮೂಲೆಗೆ ಬಿದ್ದ ಹೊಸ ನಮೂನೆಯ ಕಾರೊಂದರ ಎಂಜಿನ್ ಮತ್ತು ಐದು ಗೇರಿನ ಪೆಟ್ಟಿಗೆಯನ್ನು ಕೊಲ್ಲಾಪುರದ ಗುಜರಿಯಿಂದ ತಂದು ಕಾಕಾನ ಹಳೆಯ ಫಿಯಾಟಿಗೆ ಕೂಡಿಸಿದ. ಅಲ್ಲಿಯವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿದ್ದ ಕಾರು ಈಗ ಅವುಗಳನ್ನು ಒಂದೇ ಉಸಿರಿಗೆ ದಾಟುತ್ತಿತ್ತು. ಚಳಿಗಾಲದ ಗಿಡ್ಡ ಸಂಜೆಗಳಲ್ಲೂ ತಾಯಿ ಮಗ ಬೆಳಕಿರುವಾಗಲೇ ಉಂಡರು.

ಒಂದು ಸಂಜೆ ಮಸಗುಪ್ಪಿಯ ಹತ್ತಿರ ಕಬ್ಬಿನೊಳಗಿಂದ ನಾಯಿಯೊಂದು ರಸ್ತೆಗೆ ಹಾರಿತು. ಕಾಕಾ ಬ್ರೇಕನ್ನು ಪೂರ್ತಿ ತುಳಿದರು. ದಾರಿಯಲ್ಲಿ ಎರಡು ಮೂರು ಸಲ ತುಳಿದು ಆಗಲೇ ಕಾದಿದ್ದ ಬ್ರೇಕಿನ ಡ್ರಮ್ಮುಗಳು ಹಿಡಿಯಲಿಲ್ಲ. ನಾಯಿ ಒಮ್ಮೆ ಚೀರಿತು, ಅಷ್ಟೆ. ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆ ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಮರುದಿನ ಕಾಕಾ ಬಾಳೇಶನ ಮುಂದೆ ಕಾರಿನ ಚಾವಿ ಇಟ್ಟರು.

“ಕಣ್ಣಿಗೆ ಕಾಣದ ಹುಳ ಉಳಸಾಕ ಹೋಗಿ ಕಾಣೂ ನಾಯಿ ಕೊಂದೆ. ಬ್ರೇಕ್ ಸರಿ ಆಗೂತನಕ ಇದನ್ನ ಮುಟ್ಟಾಂಗಿಲ್ಲ.”

“ಎಂಜಿನ್ ಕೂಡಸೂ ಮುಂದನ ಹೇಳಿದ್ದೆ ಸಾವಕಾರ್ರ. ‘ಮೊದಲ ಓಡಲಿ, ನಿಲ್ಲೂದು ಆಮ್ಯಾಲ ನೋಡೂಣು’ ಅಂದವ್ರು ನೀವು.”

“ಅಂದಿದ್ದೆ. ಈಗ ನೋಡೂಣು.”

ಕಾಕಾ ಬಸ್ಸು ಹಿಡಿದರು. ಬಸ್ಸು ಹೊತ್ತಿಗೆ ಮುಟ್ಟಿಸುತ್ತಿರಲಿಲ್ಲ. ಮನೆಯಲ್ಲಿ ತಾಯಿ ಉಪವಾಸ ಬೀಳುತ್ತಿದ್ದರು. ಆದರೂ ಕಾಕಾ ಹೊಸ ಬ್ರೇಕನ್ನು ಅವಸರದಲ್ಲಿ ಆರಿಸಲಿಲ್ಲ. ಡ್ರಮ್ಮುಗಳನ್ನು ಹಾಗೇ ಇಟ್ಟು ಅವುಗಳೊಳಗೆ ಉಜ್ಜುವ ಲೈನರ್ ಪಟ್ಟಿ ಮಾತ್ರ ಹೊಸದು ಹಾಕಿದರೆ ಮೊದಲ ಸಲ ಚೆನ್ನಾಗಿ ಹಿಡಿಯುತ್ತದೆ, ಆದರೆ ಮತ್ತೆ ಮತ್ತೆ ತುಳಿದರೆ ಕಾದು ಹಿಂದಿನ ಕತೆಯೇ. ಪೆಡಲನ್ನು ಹಗುರ ಮಾಡುವ ಬೂಸ್ಟರ್ ಹಾಕಬಹುದಿತ್ತು. ಅದರಿಂದ ಕಾಲಿಗೆ ಸುಖವಾಗುತ್ತದೆಯೇ ಹೊರತು ಕಾದ ಡ್ರಮ್ಮು ತಣ್ಣಗಾಗುವುದಿಲ್ಲ. ಮೂರನೆಯದು, ಹೊಸ ಎಂಜಿನ್ ಯಾವ ನಮೂನೆಯ ಕಾರಿನದೋ ಅದೇ ಕಾರಿನ ಮುಂದಿನ ಗಾಲಿಗಳ ಡಿಸ್ಕ್ ಬ್ರೇಕು. ಉಕ್ಕಿನ ತಟ್ಟೆಯೊಂದು ಗಾಲಿಯ ಜೊತೆ ತಿರುಗುತ್ತದೆ. ಎರಡು ಪ್ಯಾಡುಗಳು ಅದನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ತಟ್ಟೆ ಗಾಳಿಗೆ ತೆರೆದೇ ಇರುವುದರಿಂದ ಬೇಗ ಆರುತ್ತದೆ. ಹುಕ್ಕೇರಿಯ ಗಿರಾಕಿಯೊಬ್ಬರ ಬಳಿ ಅಂಥ ಕಾರಿತ್ತು. ಕಾಕಾ ಅದನ್ನು ಕೇಳಿ ಪಡೆದು, ಖಾಲಿ ರಸ್ತೆಯಲ್ಲಿ ಮೇಲಿಂದ ಮೇಲೆ ನಿಲ್ಲಿಸಿ ನೋಡಿ, ಕೊನೆಗೆ ಡಿಸ್ಕ್ ಹಾಕಲು ಹೇಳಿದರು. ಬ್ರೇಕು ಗಾಲಿಯನ್ನು ಹಿಡಿದರೂ ರಸ್ತೆಯನ್ನು ಹಿಡಿಯಬೇಕಾದದ್ದು ಟೈರು ಎಂದು ಟೈರುಗಳನ್ನೂ ಬದಲಿಸಿದರು.

ಉಳಿದದ್ದು ಪ್ಯಾಡು. ಬಾಳೇಶ ಎರಡು ಜೋಡಿ ತಂದು ತೋರಿಸಿದ.

“ಇದು ಮೆತ್ತಂದು, ಸಪ್ಪಳ ಇಲ್ಲ, ಆದ್ರ ಭಾಳ ಕಾದ್ರ ಜಾರತೈತಿ. ಇದು ಗಟ್ಟಿ, ಎಷ್ಟು ಕಾದ್ರೂ ಬಿಡೂದಿಲ್ಲ, ಆದ್ರ ಚೀರತೈತಿ. ಓಣಿ ಮಂದಿ ಬೈತಾರ ನೋಡ್ರಿ.”

“ಚೀರಲಿ ಬಿಡು. ನಾಯಿ ಚೀರೂದಕ್ಕಿಂತ ಚಲೋ.”

ಕಾರು ಚೀರಿತು. ಓಣಿಯ ತಿರುವಿನಲ್ಲಿ ಬ್ರೇಕು ಹಿಡಿದರೆ ಕೊನೆಯ ಮನೆಯವರೆಗೆ ಕೇಳುತ್ತಿತ್ತು. ಮಂದಿ ಎರಡು ದಿನ ನಕ್ಕು ಮರೆತರು. ಅಕ್ಕಾತಾಯಿ ಮಾತ್ರ ಮರೆಯಲಿಲ್ಲ. ಅವರ ತವರು ತುಕ್ಕಾನಟ್ಟಿಯಲ್ಲಿ ಬಂಡಿಗಳಿದ್ದವು. ಬಂಡಿಯ ಗಾಲಿ ಕಿರುಗುಟ್ಟಿದರೆ ಆ ಮನೆಯವರಿಗೆ ಎತ್ತಿನ ಮೇಲೆ ಕರುಣೆಯಿಲ್ಲ ಎಂದು ಮಂದಿ ಆಡಿಕೊಳ್ಳುತ್ತಿದ್ದರು. ಬಂಡಿಯ ಕೆಳಗೆ ಸದಾ ಕೀಲೆಣ್ಣೆಯ ಬಿದಿರು ಕೊಳವೆ ತೂಗುತ್ತಿತ್ತು. ಈಗ ಮಗನ ಗಾಲಿ ದಿನಾ ಸಂಜೆ ಚೀರುತ್ತಿದೆ, ಯಾರೂ ಎಣ್ಣೆ ಕಾಣಿಸುತ್ತಿಲ್ಲ.

ಒಂದು ಬೆಳಗ್ಗೆ ಕಾಕಾ ಬಸದಿಗೆ ಹೋದಾಗ ಅಕ್ಕಾತಾಯಿ ಹರಳೆಣ್ಣೆಯ ಬಟ್ಟಲು ಹಿಡಿದು ಅಂಗಳಕ್ಕೆ ಬಂದರು. ಕಡ್ಡಿಗೆ ಬಟ್ಟೆ ಸುತ್ತಿ, ಮುಂದಿನ ಎರಡೂ ಗಾಲಿಗಳ ತೂತುಗಳೊಳಗೆ ತೂರಿಸಿ, ಬೆಳ್ಳಿಯಂತೆ ಹೊಳೆಯುವ ತಟ್ಟೆಗಳಿಗೆ ಎರಡೂ ಕಡೆ ತೃಪ್ತಿಯಾಗುವಷ್ಟು ಎಣ್ಣೆ ಸವರಿದರು.

ಅಂದು ಓಣಿಯ ತಿರುವಿನಲ್ಲಿ ಕಾರು ಚೀರಲಿಲ್ಲ. ಪ್ಯಾಡು ಹದಕ್ಕೆ ಬಂದಿರಬೇಕು ಎಂದುಕೊಂಡು ಕಾಕಾ ಮೂಡಲಗಿಯ ರಸ್ತೆಗೆ ಬಂದು ವೇಗ ಏರಿಸಿದರು. ಇಳಿಜಾರಿನಲ್ಲಿ ಮಾಳಪ್ಪನ ಕುರಿಹಿಂಡು ರಸ್ತೆ ದಾಟುತ್ತಿತ್ತು. ಬ್ರೇಕು ತುಳಿದರೆ ಪೆಡಲು ಗಟ್ಟಿಯಾಗಿಯೇ ಇತ್ತು, ಕಾರು ಮಾತ್ರ ನಿಲ್ಲಲೊಲ್ಲದು. ಹಿಂದಿನ ಡ್ರಮ್ಮುಗಳು ಹಿಡಿದದ್ದೆಷ್ಟೋ ಅಷ್ಟೇ. ಕಾಕಾ ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದು, ಕಾರನ್ನು ಪಕ್ಕದ ಕಬ್ಬಿನ ಹೊಲಕ್ಕೆ ತಿರುಗಿಸಿದರು. ಕಬ್ಬು ಅದನ್ನು ನಿಲ್ಲಿಸಿತು. ಕುರಿಗಳು ಚದುರಿದವು, ಒಂದಕ್ಕೂ ಪೆಟ್ಟಾಗಲಿಲ್ಲ.

ಮಾಳಪ್ಪ ಕೋಲು ಊರಿಕೊಂಡು ಬಂದ. “ಏನ್ರೀ ಸಾವಕಾರ್ರ, ಕುರಿ ಉಣ್ಣಾಂಗಿಲ್ಲ ಅಂತೀರಿ, ಹಾಯ್ಸಿ ಕೊಲ್ಲಾಕ ನಡೀತೈತೇನು?”

ಕಾಕಾ ಕೆಳಗಿಳಿದರು. ಗಾಲಿಯ ಹತ್ತಿರ ಕುಳಿತು ನೋಡಿದರೆ ಹರಳೆಣ್ಣೆಯ ವಾಸನೆ. ಅವರಿಗೆ ಎಲ್ಲ ತಿಳಿಯಿತು. ಬಾಳೇಶನಿಗೆ ಹೇಳಿ ಕಳಿಸಿ, ನಡೆದುಕೊಂಡೇ ಮನೆಗೆ ಬಂದರು.

“ಯಾಕ ತಿರುಗಿ ಬಂದಿ, ಧರಣ್ಯಾ? ಗಾಲಿ ಅಳೂದು ನಿಂತತಿಲ್ಲೋ?” ಎಂದು ಅಕ್ಕಾತಾಯಿ ಹೆಮ್ಮೆಯಿಂದ ಕೇಳಿದರು.

ಕಾಕಾ ಪಕ್ಕದಲ್ಲಿ ಕುಳಿತು, ಬಂಡಿಯ ಕೀಲು ಜಾರಬೇಕು, ಈ ತಟ್ಟೆ ಜಾರಬಾರದು ಎಂದು ನಿಧಾನವಾಗಿ ಹೇಳಿದರು. ಕುರಿಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಅಕ್ಕಾತಾಯಿಯ ಮುಖ ಬಿಳಿಚಿತು.

“ಯಪ್ಪಾ, ನಾನ ನಿನ್ನ ಕೊಲ್ಲಾಕಿದ್ದೆ. ಇವತ್ತಿಂದ ನನಗ ಅನ್ನ ಬ್ಯಾಡ.”

“ಉಪವಾಸ ಬ್ಯಾಡವ್ವಾ. ಪ್ರಾಯಶ್ಚಿತ್ತ ಬೇಕಂದ್ರ ನಾ ಹೇಳೂ ನಿಯಮ ತಗೋ. ನನ್ನ ಹಾದಿ ನೋಡದ ಹೊತ್ತಿಗೆ ಸರಿಯಾಗಿ ಉಣ್ಣಬೇಕು.”

“ನೀ?”

“ಬುತ್ತಿ ಒಯ್ತೇನಿ. ನೀರೂ ಇಲ್ಲೇ ಸೋಸಿ ಒಯ್ತೇನಿ.”

“ನೀ ಉಂಡಿದ್ದು ನನಗ ಹೆಂಗ ಗೊತ್ತಾಗಬೇಕೋ?”

“ಹುಕ್ಕೇರ್ಯಾಗೂ ಇಲ್ಲೂ ಹೊತ್ತು ಒಂದ ಮುಳಗತೈತಿ. ನೀ ತಾಟಿನ ಮುಂದ ಕುಂತಾಗ ನಾನೂ ಕುಂತಿರತೇನಿ.”

ಅಕ್ಕಾತಾಯಿ ಕೈ ಮುಗಿದು ನಿಯಮ ತೆಗೆದುಕೊಂಡರು. ಬಾಗಿಲಲ್ಲಿ ನಿಂತಿದ್ದ ವಂದನಾ, “ಇದನ್ನ ನಾ ಹೇಳಿದಾಗ ರೊಟ್ಟಿ ತಗಡ ಆಗಿತ್ತು,” ಎಂದರು.

ಎಣ್ಣೆ ಕುಡಿದ ಪ್ಯಾಡುಗಳನ್ನು ಬಾಳೇಶ ಎಸೆದ. ತಟ್ಟೆಗಳನ್ನು ತೊಳೆದು ಒರೆಸಿದ.

“ಇನ್ನ ಅವಸರ ಇಲ್ಲಲ್ರಿ, ಸಾವಕಾರ್ರ. ಮೆತ್ತಂದು ಹಾಕ್ಲೇನು?”

ಕಾಕಾ ಎರಡೂ ಜೋಡಿಗಳನ್ನು ಕೈಯಲ್ಲಿ ಹಿಡಿದು ನೋಡಿದರು. “ಚೀರೂದನ್ನ ಹಾಕು. ನಾ ಬಂದದ್ದು ಅವ್ವಗ ಗುರ್ತ ಹತ್ತತೈತಿ,” ಎಂದರು.

ಆಮೇಲೆ ಆ ಕಾರು ಜೋರಾಗಿ ಓಡಿದ್ದನ್ನು ಯಾರೂ ನೋಡಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆಯೇ ಬರುತ್ತಿತ್ತು. ದೀಪ ಹಚ್ಚಿದ ಮೇಲೆ ಓಣಿಯ ತಿರುವಿನಲ್ಲಿ ಬ್ರೇಕು ಚೀರುವಾಗ ಅಕ್ಕಾತಾಯಿಯ ಊಟ ಮುಗಿದು, ತಾಟು ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. “ಬಂದ ನೋಡ, ಗೇಟ ತಗಿ,” ಎಂದು ಅವರು ಸೊಸೆಗೆ ಹೇಳುತ್ತಿದ್ದರು.

ಹರಳೆಣ್ಣೆಯ ಡಬ್ಬಿಯನ್ನು ವಂದನಾ ಅತ್ತೆಯ ಕೈಗೆ ಎಟುಕದ ಗೋಡೆಯ ಮಾಡದಲ್ಲಿಟ್ಟರು.