ಕೂದಲೆಳೆಯಷ್ಟು ತಡ

ಅವಳು ರಫು ಹಾಕಿದ ಬಟ್ಟೆಯಲ್ಲಿ ಹರಿದದ್ದೆಲ್ಲಿ ಎಂದು ಬಟ್ಟೆ ಕೊಟ್ಟವರೇ ತಡಕಾಡಬೇಕಿತ್ತು. ಹೊಸ ಬಟ್ಟೆ ಹೊಲಿಯುವ ಉಸಾಬರಿಗೆ ಅವಳು ಹೋದವಳಲ್ಲ. ಬೀದಿಯ ತಿರುವಿನಲ್ಲಿ ಒಂದೇ ಬಾಗಿಲಿನ ಅಂಗಡಿ, ಒಂದು ಮಿಷನ್ನು, ಕಿಟಕಿಗೆ ಮುಖ ಮಾಡಿದ ಒಂದು ಸ್ಟೂಲು. ಮೊಳೆಗೆ ಸಿಕ್ಕಿ ಹರಿದ ಕೋಟು, ಸಿಗರೇಟಿನ ಕಿಡಿ ಬಿದ್ದು ತೂತಾದ ಪ್ಯಾಂಟು ಎಲ್ಲ ಅವಳ ಹತ್ತಿರ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಆ ಎಳೆಯಿಂದಲೇ ತೂತು ಮುಚ್ಚುತ್ತಿದ್ದಳು. ಕತ್ತರಿಸಿದ ಚೂರನ್ನೂ ಎಸೆಯುತ್ತಿರಲಿಲ್ಲ. ಈ ಕೆಲಸದಲ್ಲಿ ತನ್ನದು ಎತ್ತಿದ ಕೈ ಎಂದು ಅವಳಿಗೂ ಗೊತ್ತಿತ್ತು. ಸ್ವಲ್ಪ ಜಂಬವಿತ್ತು, ಇರಲಿ ಬಿಡಿ. ಕೆಲಸ ಬಲ್ಲವರಿಗೆ ಅಷ್ಟೂ ಜಂಬ ಬೇಡವೆಂದರೆ ಹೇಗೆ?

ಗಂಡ ಡ್ರಮ್ಮರ್. ಇಪ್ಪತ್ತಾರು ವರ್ಷ ಒಂದೇ ಸಭಾಂಗಣದಲ್ಲಿ, ಒಂದೇ ತಂಡದಲ್ಲಿ ಬಾರಿಸಿದವನು. ಅವನ ಎಡಗೈಯ ಏಟು ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ತಪ್ಪಿ ಅಲ್ಲ, ಬೇಕೆಂದೇ. ಆ ತಡದಿಂದಲೇ ಹಾಡಿಗೊಂದು ಓಲಾಟ ಬಂದು, ಬಿಗುಮಾನದಿಂದ ಕೂತವರ ಕಾಲೂ ಅಲ್ಲಾಡುತ್ತಿತ್ತು. ಸಭಾಂಗಣ ಮುಚ್ಚಿದ ಮೇಲೆ ಒಬ್ಬ ಸ್ಟುಡಿಯೋ ಮಾಲೀಕ, "ಮನೇಲೇ ಬಾರಿಸಿ ಕಳಿಸಿ, ಸಾಕು" ಎಂದ. ಒಳಕೋಣೆಗೆ ರಬ್ಬರಿನ ಪ್ಯಾಡುಗಳು ಬಂದವು. ಅವಕ್ಕೆ ಸ್ವಂತ ಸದ್ದಿಲ್ಲ. ಯಾವ ಕ್ಷಣಕ್ಕೆ ಎಷ್ಟು ಜೋರಾಗಿ ಏಟು ಬಿತ್ತು ಎಂಬುದನ್ನಷ್ಟೇ ಲ್ಯಾಪ್‌ಟಾಪು ಬರೆದುಕೊಂಡು, ಸದ್ದನ್ನು ಆಮೇಲೆ ತಾನೇ ಜೋಡಿಸುತ್ತದೆ; ಬಾರಿಸುವಾಗ ಅವನ ಕಿವಿಗೆ ಬೀಳುವುದು ಹಾಡೊಂದೇ. ಆ ಬರಹಕ್ಕೆ ಮಿಡಿ ಎನ್ನುತ್ತಾರೆ.

ಕಂಪ್ಯೂಟರ್ ಎಂದರೆ ಗಂಡನಿಗೆ ಮೈಯೆಲ್ಲ ಮುಳ್ಳು. ಹಾಗಾಗಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ತಂತ್ರಾಂಶವನ್ನು ಇಳಿಸಿಕೊಂಡು ಅವಳೇ ಕಲಿತಳು. ಪರದೆಯಲ್ಲಿ ಸಾಲುಸಾಲು ಗೆರೆ. ಕೆಳಗಿನ ಸಾಲು ಕಾಲಿನ ಡ್ರಮ್ಮಿಗೆ, ಅದರ ಮೇಲಿನದು ಎಡಗೈಗೆ, ಅದಕ್ಕೂ ಮೇಲಿನವು ಬಲಗೈಗೆ. ಒಂದೊಂದು ಏಟಿಗೂ ಒಂದು ಪುಟ್ಟ ಚೌಕ. ಚೌಕವನ್ನು ಹಿಡಿದು ಆಚೀಚೆ ಎಳೆದರೆ ಏಟು ಬೇಗವೋ ತಡವೋ ಆಗುತ್ತದೆ. ಎಲ್ಲ ಚೌಕಗಳನ್ನೂ ಒಂದೇ ಸಲಕ್ಕೆ ಗೆರೆಗೆ ಎಳೆದು ನಿಲ್ಲಿಸುವ ಬಟನ್ನೂ ಒಂದಿತ್ತು. ಅದನ್ನು ಕಂಡರೆ ಗಂಡನಿಗೆ ಆಗುತ್ತಿರಲಿಲ್ಲ.

"ಅದನ್ನ ಮಾತ್ರ ಒತ್ತಬೇಡ ಮಾರಾಯ್ತಿ" ಎನ್ನುತ್ತಿದ್ದ. "ಇಸ್ತ್ರಿ ಹೊಡೆದು ಹ್ಯಾಂಗರಿಗೆ ಹಾಕಿದ ಹಾಗಾಗುತ್ತೆ. ಒಳಗೆ ಮನುಷ್ಯನೇ ಇರಲ್ಲ."

ಮೂರು ವರ್ಷ ಹೀಗೇ ಚೆನ್ನಾಗಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಮರುವಾರ ಕೈಯಿಂದ ಲೋಟ ಜಾರಿತು. ನರಗಳ ಡಾಕ್ಟರು ಕತ್ತಿನ ಚಿತ್ರ ತೆಗೆಸಿ, ಮೂಳೆ ನರವನ್ನು ಒತ್ತುತ್ತಿದೆ ಎಂದರು.

"ಈಗಲೇ ಆಪರೇಷನ್ ಬೇಕೇಬೇಕು ಅಂತೇನಿಲ್ಲ" ಎಂದರು. "ಆದ್ರೆ ಕೈ ಮೇಲೆ ಕಣ್ಣಿಟ್ಟಿರಿ. ಸ್ವಲ್ಪ ನಿಧಾನ ಆಯ್ತು ಅನ್ಸಿದ್ರೂ ಮಾರನೇ ದಿನವೇ ಬರಬೇಕು. ಹೋದ ನರ ವಾಪಸ್ ಬರಲ್ಲ."

"ನನ್ನ ಕೈ ಅಳೆಯೋಕೆ ಮನೇಲೇ ಮೀಟರ್ ಇದೆ ಬಿಡಿ. ಬಾರಿಸಿದ್ದನ್ನ ಕೇಳಿದ್ರೆ ನಂಗೆ ಗೊತ್ತಾಗುತ್ತೆ" ಎಂದ ಡ್ರಮ್ಮರ್. ಅವನ ಕಿವಿ ಅಂಥದೇ. ಡಾಕ್ಟರಿಗೂ ಅದು ಸರಿಯೆನಿಸಿತು.

ಅದಾದ ಮೊದಲ ಹಾಡಿನಲ್ಲಿ ಎಡಗೈ ಸಾಲಿನ ಏಳು ಚೌಕಗಳು ಎಲ್ಲೆಲ್ಲೋ ಬಿದ್ದಿದ್ದವು. ಅವಳು ತಿರುಗಿ ನೋಡಿದರೆ ಗಂಡ ಸ್ಟೂಲಿನ ಮೇಲೆ ಮಗುವಿನ ಹಾಗೆ ಕಾಯುತ್ತಿದ್ದ. "ಹೇಗಿದೆ?" ಎಂದ. "ಇರಿ, ಕೇಳಿಸ್ತೀನಿ" ಎಂದಳು. ದಣಿವಿರಬೇಕು, ಏಳೇ ಏಳು ತಾನೇ, ಮುಂದಿನ ಸಲ ನೋಡಿದರಾಯಿತು ಎಂದುಕೊಂಡಳು. ಆ ಬಟನ್ ಒತ್ತಲಿಲ್ಲ. ಅವನ ಹಳೆಯ ಫೈಲೊಂದನ್ನು ತೆರೆದು, ಆರೋಗ್ಯವಾಗಿದ್ದಾಗ ಆ ಎಡಗೈ ಎಷ್ಟು ತಡ ಮಾಡುತ್ತಿತ್ತು ಎಂದು ಅಳೆದಳು. ಏಳು ಚೌಕಗಳನ್ನೂ ಒಂದೊಂದಾಗಿ ಅಷ್ಟೇ ತಡಕ್ಕೆ ಎಳೆದಿಟ್ಟಳು. ಏಟಿನ ಜೋರನ್ನೂ ಹಳೆಯದರಂತೆ ಒಂದು ಹೆಚ್ಚು, ಒಂದು ಕಮ್ಮಿ ಮಾಡಿದಳು. ಬಟ್ಟೆಯದೇ ಎಳೆಯಿಂದ ಬಟ್ಟೆಗೆ ರಫು. ಮೂಲ ಫೈಲನ್ನು ಅಳಿಸಲು ಮನಸ್ಸಾಗದೆ ಬೇರೊಂದು ಫೋಲ್ಡರಿಗೆ ಹಾಕಿದಳು.

ಗಂಡ ಕಣ್ಣು ಮುಚ್ಚಿ ಕೇಳಿದ. ಮುಖ ಊರಗಲವಾಯಿತು. "ಕೇಳು. ಇದು ಕೆಟ್ಟಿರೋ ಕೈಯಾ? ಬಾರಿಸುವಾಗ ಎಲ್ಲೋ ತಪ್ಪಿದ ಹಾಗನಿಸ್ತು ಕಣೇ. ನಂಗೆ ಸುಮ್ನೆ ಭಯ."

ಹೇಳಬಹುದಾಗಿದ್ದ ಗಳಿಗೆ ಅದೊಂದೇ. ಅವಳು ಹೇಳಲಿಲ್ಲ. ಅಷ್ಟು ದಿನಗಳ ಮೇಲೆ ನಕ್ಕ ಮುಖವನ್ನು ತನ್ನ ಕೈಯಾರೆ ಬಾಡಿಸಲು ಅವಳಿಗೆ ಧೈರ್ಯ ಸಾಲಲಿಲ್ಲ, ಅಷ್ಟೇ. ದೊಡ್ಡ ಕಾರಣ ಹುಡುಕಬೇಕಿಲ್ಲ.

ಏಳು ಚೌಕ ಮೂವತ್ತಾದವು, ಮೂವತ್ತು ಎಂಬತ್ತಾದವು. ಹಾಡಿಗೆ ಒಂದು ತಾಸು ಸಾಕಾಗುತ್ತಿದ್ದ ಕೆಲಸಕ್ಕೆ ಎರಡು ದಿನ ಹಿಡಿಯತೊಡಗಿತು. ಮುಂದಿನ ಹಾಡಿಗೆ ಹೇಳುತ್ತೇನೆ ಎಂದು ಪ್ರತಿ ಸಲವೂ ಅಂದುಕೊಳ್ಳುವಳು. ಆದರೆ ಹಾಗೆ ಹೇಳಿದರೆ ಹಿಂದಿನ ಹಾಡುಗಳ ಬಗ್ಗೆಯೂ ಬಾಯಿಬಿಡಬೇಕಿತ್ತು. ಸ್ಟುಡಿಯೋ ಮಾಲೀಕ ಫೋನಿನಲ್ಲಿ, "ಅಣ್ಣನ ಕೈ ಹದ ಒಂಚೂರೂ ಹೋಗಿಲ್ಲ" ಎಂದು ಹೊಗಳಿದ ದಿನ ಗಂಡ, ಮತ್ತೆ ಬನ್ನಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿನಡಿಗೆ ಕೊಟ್ಟ. "ಮೇಜಿಗಾದರೂ ಉಪಯೋಗವಾಗಲಿ" ಎಂದು ನಕ್ಕ. ಅವಳೂ ನಕ್ಕಳು.

ಡಾಕ್ಟರನ್ನು ಕಂಡ ಹನ್ನೊಂದನೆಯ ತಿಂಗಳಲ್ಲಿ ಒಂದು ದಿನ ಪರದೆಯ ಕೆಳಗಿನ ಸಾಲು ಕೆಟ್ಟಿತ್ತು. ಅದು ಕಾಲಿನ ಸಾಲು; ಕೈಯ ಕಾಯಿಲೆ ಕಾಲಿಗೂ ಇಳಿದಿತ್ತು. ಅವಳು ಮೌಸಿನ ಮೇಲಿಂದ ಕೈ ತೆಗೆದಳು. ಈ ರಫು ತನ್ನಿಂದ ಆಗುವುದಿಲ್ಲ ಎಂದು ಆಗ ಹೊಳೆಯಿತು. ಗಂಡನಿಗೆ ಫೈಲು ಕೇಳಿಸದೆ, "ನಾಳೆ ಡಾಕ್ಟರ ಹತ್ರ ಹೋಗೋಣ" ಎಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಅವತ್ತು ಬೆಳಿಗ್ಗೆ ಎರಡು ಸಲ ಎಡವಿದ್ದ ಗಂಡ ಹೂಂಗುಟ್ಟಿದ.

ಡಾಕ್ಟರು ಸುತ್ತಿಗೆಯಿಂದ ಮಂಡಿ ತಟ್ಟಿದರು, ಬೆರಳು ಮಡಚಿಸಿದರು, ಹುಬ್ಬು ಗಂಟಿಕ್ಕಿದರು. "ಕೈ ಯಾವಾಗಿನಿಂದ ಹೀಗೆ?"

"ಒಂದು ವಾರ ಆಗಿರಬಹುದು. ಹೋದ ತಿಂಗಳವರೆಗೂ ಚೆನ್ನಾಗೇ ಬಾರಿಸಿದ್ದೀನಿ. ಬೇಕಾದ್ರೆ ಕೇಳಿ, ಇವಳ ಹತ್ರ ಇದೆ."

ಅವಳು ಲ್ಯಾಪ್‌ಟಾಪನ್ನು ಚೀಲದಲ್ಲಿ ತಂದಿದ್ದಳು. ತೆರೆದು, ಪ್ರತಿ ಸಲವೂ ಮುಟ್ಟದೆ ಎತ್ತಿಟ್ಟಿದ್ದ ಮೂಲ ಫೈಲುಗಳನ್ನು ತಾರೀಖಿನ ಪ್ರಕಾರ ಒಂದರ ಹಿಂದೊಂದು ಕೇಳಿಸಿದಳು. ಮೊದಲನೆಯದರಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು. ನಾಲ್ಕನೆಯದರಲ್ಲಿ ಎಡಗೈ ಕುಂಟುತ್ತಿತ್ತು. ಒಂಬತ್ತನೆಯದರಲ್ಲಿ ಏನು ಹಾಡೆಂದೇ ತಿಳಿಯುತ್ತಿರಲಿಲ್ಲ. ಗಂಡ ಪರದೆಯನ್ನು ನೋಡಲಿಲ್ಲ, ಅವಳನ್ನು ನೋಡುತ್ತಿದ್ದ.

"ಎಲ್ಲಾ ನಾನೇ ಸರಿ ಮಾಡ್ತಿದ್ದೆ" ಎಂದಳು.

ಡಾಕ್ಟರು ನಾಲ್ಕನೆಯ ಫೈಲಿನ ತಾರೀಖಿನ ಮೇಲೆ ಬೆರಳಿಟ್ಟರು. "ಇಲ್ಲಿ ಬಂದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದರು. ಆಮೇಲೆ ಕಾಲಿನ ಮಾತಾಡಿದರು. ಬೇಗ ಆಪರೇಷನ್ ಮಾಡಿದರೆ ಕಾಲು ಉಳಿದೀತು, ಕೈಯ ಆಸೆ ಬಿಡಿ ಎಂದರು.

ಹೊರಗಿನ ಬೆಂಚಿನ ಮೇಲೆ ಗಂಡನ ಅಂಗಿಯ ಗುಂಡಿಗಳನ್ನು ಅವಳೇ ಹಾಕಿದಳು. ಬೈಯಲಿ, ಕಿರುಚಲಿ, ಏನಾದರೂ ಅನ್ನಲಿ ಎಂದು ಕಾದಳು. ಕೊನೆಯ ಗುಂಡಿಗೆ ಬಂದಾಗ ಅವನು ಮಾತಾಡಿದ.

"ಆ ತಡ ಹೇಗೆ ಹಿಡಿದೆ? ಅದು ನನ್ನದೇ ತಡ."

"ಹಳೇದನ್ನ ತೆಗೆದು ಅಳೆದೆ."

ಅವನು ತಲೆದೂಗಿದ. ಸಭಾಂಗಣದಲ್ಲಿ ಜೊತೆಯವರು ಚೆನ್ನಾಗಿ ನುಡಿಸಿದಾಗ ತೂಗುತ್ತಿದ್ದ ಹಾಗೆಯೇ.

"ಇಸ್ತ್ರಿ ಹೊಡೆಯೋ ಆ ಬಟನ್ ಒತ್ತಿದ್ದರೆ ಮೊದಲನೇ ದಿನವೇ ನಂಗೆ ಗೊತ್ತಾಗ್ತಿತ್ತು ಕಣೇ" ಎಂದ.