ತಿಕೋಟಾದ ಶಿವಯೋಗೆಪ್ಪನವರ ಅಂಗೈ

ತಿಕೋಟಾದ ಶಿವಯೋಗೆಪ್ಪನವರು ಎತ್ತಿನ ಕಿವಿಯ ಬುಡಕ್ಕೆ ಅಂಗೈ ಹಚ್ಚಿದರೆಂದರೆ, ಮಾರುವವನೂ ಕೊಳ್ಳುವವನೂ ಒಮ್ಮೆಗೇ ಮಾತು ನಿಲ್ಲಿಸುತ್ತಿದ್ದರು. ಕಿವಿ ತಣ್ಣಗಿದ್ದರೆ ಒಳಗೆ ಬೇನೆಯಿದೆ; ಬೆಚ್ಚಗಿದ್ದರೆ ಜೀವ ಗಟ್ಟಿಯಿದೆ. ಹಲ್ಲು, ಸುಳಿ, ಗೊರಸುಗಳನ್ನು ಅವರು ನೋಡುತ್ತಿದ್ದುದು ಆಮೇಲೆ. ಅರಕೇರಿಯಿಂದ ಸಾರವಾಡದವರೆಗಿನ ರೈತರು ಎತ್ತು ಕೊಳ್ಳುವ ಮುನ್ನ ಅವರನ್ನು ಕರೆದೊಯ್ಯುತ್ತಿದ್ದರು. ಅದಕ್ಕೆ ಪ್ರತಿಯಾಗಿ ಎಲೆ ಅಡಿಕೆಯ ಹೊರತು ಅವರು ಏನನ್ನೂ ಮುಟ್ಟಿದವರಲ್ಲ. “ಹೂಂ, ಹಿಡೀರಿ” ಎಂದು ಅವರು ಅಂದ ಎತ್ತು ನಲವತ್ತು ವರ್ಷಗಳಲ್ಲಿ ಒಮ್ಮೆಯೂ ನೊಗದಲ್ಲಿ ಮಲಗಿದ್ದಿಲ್ಲ. ಅವರಿಗೆ ಹದಿನಾಲ್ಕು ಎಕರೆ ಎರಿಹೊಲವಿತ್ತು. ಆದರೆ ಜನ ಅವರನ್ನು ಬಲ್ಲದ್ದು ಆ ಎರಡು ಶಬ್ದಗಳಿಂದ.

ಆ ಎರಡು ಶಬ್ದಗಳು ಸುಳ್ಳಾದ ದಿನ ನಾನು ಅಲ್ಲಿದ್ದೆ. ಮರುದಿನ ಅವರು ಮಾಡಿದ್ದನ್ನು ಕಂಡು ದಿಗ್ಭ್ರಮೆಗೊಂಡವರಲ್ಲಿ ನಾನೂ ಒಬ್ಬ. ಊರೂರು ತಿರುಗಿ ಸತ್ಯದ ಮಹಿಮೆಯನ್ನು ಸಾರುತ್ತ ಬಂದ ನಾನು ಆ ಸತ್ಯವನ್ನು ನೊಗ ಹೊತ್ತ ರೂಪದಲ್ಲಿ ಕಂಡದ್ದು ಆಗಲೇ.

ಯುದ್ಧ ಮುಗಿದು ಒಂದು ವರ್ಷವಾಗಿತ್ತು, ಅಂದರೆ ಸಾವಿರದೊಂಬೈನೂರ ನಲವತ್ತಾರು. ತಿಂಗಳ ಪ್ರವಚನಕ್ಕೆಂದು ನಾನು ಬಬಲೇಶ್ವರದಲ್ಲಿದ್ದೆ. ನನ್ನ ಊಟ, ಪ್ರಸಾದದ ವ್ಯವಸ್ಥೆ ಗುರುಬಸವ್ವನ ಮನೆಯಲ್ಲಿ. ಆಕೆ ವಿಧವೆ, ಇಪ್ಪತ್ತು ಎಕರೆ ಹೊಲವನ್ನು ತಾನೇ ನಿಂತು ಮಾಡಿಸುವ ಧೀರೆ. ಆ ಬೇಸಿಗೆಯಲ್ಲಿ ದನಗಳಿಗೆ ದೊಡ್ಡ ಬೇನೆ ಬಂದು ಎಂಟೇ ದಿನಗಳಲ್ಲಿ ಆಕೆಯ ನಾಲ್ಕೂ ಎತ್ತುಗಳು ಹೋದವು. ಸುತ್ತಲ ಊರುಗಳಲ್ಲೂ ಅದೇ ಗತಿ. ಮಾರಲು ಯಾರ ಬಳಿಯೂ ಎತ್ತುಗಳಿರಲಿಲ್ಲ. ಇನ್ನು ಉತ್ತರಿ ಮಳೆ ಬಿದ್ದು ನೆಲ ಹದವಾದಾಗ ಐದಾರು ದಿನಗಳಲ್ಲಿ ಹಿಂಗಾರಿ ಜೋಳ ಬಿತ್ತದಿದ್ದರೆ ಆಕೆಯ ನೆಲದೊಳಗಿನ ಹಗೇವಿಗೆ ಆ ವರ್ಷ ಕಾಳಿಲ್ಲ.

ಆ ಹೊತ್ತಿಗೆ ಒಂದು ಸುದ್ದಿ ಬಂತು. ವಿಜಯಪುರದಲ್ಲಿ, ನಾವು ಆಗ ವಿಜಾಪುರ ಎನ್ನುತ್ತಿದ್ದೆವು, ಸೊಲ್ಲಾಪುರ ರಸ್ತೆಯ ಒಂದು ಬಯಲಿನಲ್ಲಿ ಮಿಲಿಟರಿಯವರು ಬಳಸಿ ಬಿಟ್ಟ ಜೀಪುಗಳು ಮಾರಾಟಕ್ಕೆ ನಿಂತಿವೆ. ಕಾಳು ಹೇರಬಹುದು, ಹಿಂದೆ ಕುಂಟೆ, ಬಿತ್ತುವ ಕೂರಿಗೆ ಕಟ್ಟಿ ಎಳೆಸಲೂಬಹುದು. ಗುರುಬಸವ್ವ ಶಿವಯೋಗೆಪ್ಪನವರಿಗೆ ಹೇಳಿ ಕಳಿಸಿ ಮನೆಗೆ ಕರೆಸಿದಳು.

“ಕಾಕಾ, ನೀವು ಹೂಂ ಅಂದ್ರ ತಗೋತೇನಿ, ಊಹೂಂ ಅಂದ್ರ ಇಲ್ಲ.”

“ಯವ್ವಾ, ಅದಕ್ಕ ಬಾಲಾನೂ ಇಲ್ಲ, ಕೋಡೂ ಇಲ್ಲ. ನಾ ಏನ್ ನೋಡ್ಲಿ ಅದ್ರಾಗ?”

“ಮುಂದ ಎರಡು ಕಣ್ಣರ ಅದಾವಲ್ಲ, ಅವನ್ನ ನೋಡ್ರಿ.”

ಮುದುಕರು ನಕ್ಕು ಒಪ್ಪಿದರು. ಮೂವರೂ ಮರುದಿನ ಬೆಳಗಿನ ಬಸ್ಸು ಹಿಡಿದೆವು. ನಾನು ಹೋದದ್ದು ಬರಿ ಕುತೂಹಲಕ್ಕೆ.

ಬಯಲಿನ ಬೇವಿನ ಮರದ ಕೆಳಗೆ ಮೂರು ಜೀಪುಗಳು ನಿಂತಿದ್ದವು. ಮೊದಲನೆಯದು ಹೊಸ ಬಣ್ಣದಿಂದ ಥಳಥಳಿಸುತ್ತಿತ್ತು. ಶಿವಯೋಗೆಪ್ಪನವರು ಉಗುರಿನಿಂದ ಕೆರೆದರು. ಬಣ್ಣದ ಕೆಳಗಿನಿಂದ ತುಕ್ಕು ಉದುರಿತು. “ಮುದಿ ಎತ್ತಿಗೆ ಕೋಡು ಕೆತ್ತಿ ಬಣ್ಣಾ ಬಡದಂಗ ಆತಲ್ಲೋ ಇದು!” ಎಂದರು. ಎರಡನೆಯದರ ಮುಂದಿನ ಗಾಲಿಗಳು ಒಂದೇ ಮಗ್ಗುಲಿಗೆ ಸವೆದಿದ್ದವು. “ಇದು ಕುಂಟತೈತಿ” ಎಂದರು. ವ್ಯಾಪಾರಿಯ ಮುಖ ಸಣ್ಣದಾಯಿತು. ಯಂತ್ರವನ್ನೇ ಅರಿಯದ ಈ ಹಿರಿಯರ ಕಣ್ಣಿಗೆ ನಾನು ಮನದಲ್ಲೇ ಕೈಮುಗಿದೆ.

ಮೂರನೆಯದು ಮಣ್ಣು ಮೆತ್ತಿದ ಜೀಪು. ಅವರು ಅದರ ಸುತ್ತ ಎರಡು ಸಲ ತಿರುಗಿದರು, ಬಗ್ಗಿ ಗಾಲಿಗಳನ್ನು ನೋಡಿದರು, ಕೊನೆಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅವರ ಮುಖ ಅರಳಿತು.

“ಮೈ ಬೆಚ್ಚಗೈತಿ ನೋಡವ್ವಾ. ಜೀವಾ ಗಟ್ಟಿ ಐತಿ.”

ನಾನೂ ಕೈಯಿಟ್ಟೆ. ಹೌದು, ಬೆಚ್ಚಗಿತ್ತು. ವ್ಯಾಪಾರಿ ಥಟ್ಟನೆ ಒಳಗೆ ಕುಳಿತ. ಜೀಪು ಒಂದೇ ಸಲಕ್ಕೆ ಗುಡುಗಿತು.

“ಹೂಂ, ಹಿಡೀರಿ” ಎಂದರು ಶಿವಯೋಗೆಪ್ಪನವರು.

ವ್ಯಾಪಾರಿಯ ಡ್ರೈವರನೇ ನಮ್ಮನ್ನು ಅದರಲ್ಲಿ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೊರಟ. ದಾರಿಯಲ್ಲಿ ಚಹಾಕ್ಕೆ ನಿಂತಾಗಲೂ ಅವನು ಎಂಜಿನ್ ಆರಿಸಲಿಲ್ಲ. ಗುರುಬಸವ್ವ ಸುಮ್ಮನಿರುವಳೆ?

“ಯಪ್ಪಾ, ರೇಶನ್ ಪೆಟ್ರೋಲದು. ಸುಮ್ಮ ಯಾಕ ಸುಡಾಕತ್ತಿ? ಬಂದ ಮಾಡ.”

“ಬಂದ ಮಾಡಿದ್ರ ಮುನಸ್ಕೋತೈತ್ರಿ ಅವ್ವಾರ” ಎಂದನವನು. ಎಲ್ಲರೂ ನಕ್ಕೆವು. “ನಿಂತಲ್ಲೂ ದಮ್ಮು ಬಿಡಾಂಗಿಲ್ಲ, ಎಂಥಾ ಜಾತಿದೈತಿ!” ಎಂದು ಶಿವಯೋಗೆಪ್ಪನವರು ಹೆಮ್ಮೆಪಟ್ಟರು. ಡ್ರೈವರ ಜೀಪನ್ನು ಆಕೆಯ ಅಂಗಳದಲ್ಲಿ ನಿಲ್ಲಿಸಿ ಸಂಜೆಯ ಬಸ್ಸಿಗೆ ಹೋದ.

ನಾಲ್ಕನೆಯ ದಿನ ಉತ್ತರಿ ಮಳೆ ಬಂತು, ಹೊಲ ನೆನೆಯಿತು. ಮತ್ತೆ ಮೂರು ದಿನಕ್ಕೆ ಹದ ಕೂಡಿತು. ಜೀಪು ನಡೆಸಲೆಂದು ವಿಜಾಪುರದಿಂದ ಗೈಬುಸಾಬ ಬಂದ. ಅವನು ಮೋಟಾರು ರಿಪೇರಿಯ ಮೇಸ್ತ್ರಿ, ಸ್ವಭಾವದಲ್ಲಿ ಸಾತ್ವಿಕ. ತಾವು ಆರಿಸಿದ್ದು ಹೊಲಕ್ಕಿಳಿಯುವುದನ್ನು ನೋಡಲು ಶಿವಯೋಗೆಪ್ಪನವರೂ ತಿಕೋಟಾದಿಂದ ಬಂದಿದ್ದರು. ಗುರುಬಸವ್ವ ಜೀಪಿಗೆ ವಿಭೂತಿ ಹಚ್ಚಿ ಕಾಯಿ ಒಡೆದಳು. ಅರ್ಧ ಊರೇ ನೆರೆದಿತ್ತು.

ಗೈಬುಸಾಬ ಸ್ವಿಚ್ ಒತ್ತಿದ. ಸದ್ದಿಲ್ಲ. ಮುಂದೆ ಬಂದು ಹ್ಯಾಂಡಲ್ ಹಾಕಿ ತಿರುಗಿಸಿದ. ಒಮ್ಮೆ ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಮತ್ತೆ ತಿರುಗಿಸಿದ, ಮತ್ತೆ. ಅವನ ಅಂಗಿ ಬೆನ್ನಿಗೆ ಅಂಟಿತು. ಜನರೇ ನೂಕಿದರು, ಜೀಪು ಊರ ಅಗಸೆ ಬಾಗಿಲವರೆಗೆ ಉರುಳಿತೇ ಹೊರತು ಉಸಿರಾಡಲಿಲ್ಲ. ಬಾನೆಟ್ಟು ಬಿಚ್ಚಿ ಒಂದು ತಾಸು ಒಳಗೆ ತಡಕಾಡಿದ ಗೈಬುಸಾಬ ಕೈ ಒರೆಸಿಕೊಳ್ಳುತ್ತ ಕೇಳಿದ:

“ಯಜಮಾನ್ರ, ನೀವು ನೋಡಾಕ ಹೋದಾಗ ಇದರ ಮೈ ಬಿಸಿ ಇತ್ತೇನ್ರಿ?”

“ಇತ್ತು.” ಶಿವಯೋಗೆಪ್ಪನವರ ದನಿ ಆಗಲೇ ಕುಸಿದಿತ್ತು.

“ಎಂಜಿನ್ ಒಳಗಿನ ರಿಂಗ್ ಸವದು ಹೋಗ್ಯಾವ್ರಿ. ತಣ್ಣಗಾದ್ರ ಚಾಲೂ ಆಗಾಂಗಿಲ್ಲ. ಅದಕ್ಕ ನೀವು ಬರೋಕಿಂತ ಮೊದಲ ಓಡಿಸಿ ಕಾಸಿ ಇಟ್ಟಾರ. ಬಿಸಿ ಇದ್ದಾಗ ಎಂಥಾದೂ ಗುಡಗತೈತ್ರಿ.”

ಮರದ ನೆರಳಿನಲ್ಲಿ ನಿಂತ ಕಬ್ಬಿಣ ಮುಂಜಾನೆಯಲ್ಲಿ ಬೆಚ್ಚಗಿರುವುದೇಕೆ ಎಂದು ಅಂದು ಮೂವರಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ. ಬಂದ ಮಾಡಿದರೆ ಮುನಿಸಿಕೊಳ್ಳುತ್ತದೆ ಎಂದ ಡ್ರೈವರನ ಮಾತು ನನಗೆ ನೆನಪಾಯಿತು. ಅವನು ನಿಜವನ್ನೇ ಹೇಳಿದ್ದ, ನಾವು ನಕ್ಕಿದ್ದೆವು.

ಗುಂಪಿನಲ್ಲಿ ಯಾರೋ ಅಂದರು: “ತಗಡಿಗೆ ಕಿವಿ ಹುಡಕ್ಯಾನ ನೋಡ್ರೆಲೇ ಮುದುಕ!” ನಗೆ ಎದ್ದಿತು. ಶಿವಯೋಗೆಪ್ಪನವರು ತಮ್ಮ ಅಂಗೈಯನ್ನೇ ನೋಡುತ್ತ ನಿಂತಿದ್ದರು. ಬಳಿಕ ರುಮಾಲನ್ನು ಬಿಗಿದುಕೊಂಡು, ಗುರುಬಸವ್ವನತ್ತ ತಿರುಗಿಯೂ ನೋಡದೆ ತಿಕೋಟಾದ ದಾರಿ ಹಿಡಿದು ನಡೆದುಬಿಟ್ಟರು.

ವ್ಯಾಪಾರಿಯನ್ನು ಹಿಡಿಯೋಣವೆಂದರೆ, ಬಯಲು ಖಾಲಿಯಾಗಿ ಎರಡು ದಿನವಾಯಿತು ಎಂದು ಗೈಬುಸಾಬನೇ ಹೇಳಿದ. ಹೊಸ ರಿಂಗುಗಳು ಪುಣೆಯಿಂದ ಬರಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ನಾನು ಗುರುಬಸವ್ವನಿಗೆ ದೈವೇಚ್ಛೆಯ ಬಗ್ಗೆ ನಾಲ್ಕು ಮಾತು ಹೇಳಹೋದೆ. ಆಕೆ ಕೇಳಿದಳು: “ಶರಣರ, ಹದಾ ಆರಿದ ಮ್ಯಾಲ ಬಿತ್ತಾಕ ಬರ್ತೈತೇನ್ರಿ?” ಮರುಕ್ಷಣ ಆಕೆಯೇ, “ಹೋಗ್ಲಿ ಬಿಡ್ರಿ. ಆದ್ರ ಕಾಕಾ ಹಂಗ ಮಾರಿ ತಿರುವಿ ಹೋಗಬಾರದಾಗಿತ್ತು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಮನಸ್ಸಿನಲ್ಲಿ ಆ ಹಿರಿಯರ ಮೇಲೆ ಕಟುವಾದ ತೀರ್ಪನ್ನೇ ಕೊಟ್ಟೆ. ಶಿವನು ನನ್ನನ್ನು ಕ್ಷಮಿಸಲಿ.

ಮರುದಿನ ಸೂರ್ಯೋದಯಕ್ಕೆ ಪೂಜೆಯಲ್ಲಿದ್ದಾಗ ಗೆಜ್ಜೆಯ ಸಪ್ಪಳ ಕೇಳಿತು. ಹೊರಗೆ ಬಂದವನು ಅಲ್ಲೇ ನಿಂತೆ. ಶಿವಯೋಗೆಪ್ಪನವರು ತಮ್ಮ ಜೋಡೆತ್ತುಗಳನ್ನು ಹೊಡೆದುಕೊಂಡು ಬಂದಿದ್ದರು. ಬಂಡಿಯಲ್ಲಿ ಅವರದೇ ಕೂರಿಗೆ, ಎತ್ತುಗಳಿಗೆ ಮೇವು, ತಮಗೊಂದು ಕಂಬಳಿ. ನಿದ್ದೆಯಿಲ್ಲದ ಕಣ್ಣುಗಳು ಕೆಂಪಾಗಿದ್ದವು.

ಗುರುಬಸವ್ವ ಓಡಿ ಬಂದಳು. “ಕಾಕಾ, ಏನಿದು? ತಿಕೋಟಾದಾಗೂ ಮಳಿ ಆಗೇತಿ. ನಿಮ್ಮ ಹೊಲಾನೂ ಹದಕ್ಕ ಬಂದೈತಿ!”

“ಬಂದೈತಿ.”

“ಮತ್ತ ಮೊದಲ ನಿಮ್ಮ ಹೊಲಾ ಬಿತ್ತಿ ಬರ್ರಿ. ಮಂದಿ ನನಗ ಏನಂದಾರು?”

“ನನ್ನ ಹೊಲಕ್ಕ ನಾ ಹೂಂ ಅಂದಿಲ್ಲವ್ವಾ. ನಿನಗ ಅಂದೇನಿ” ಎಂದರು ಅವರು. “ಬೀಜಾ ತಾ. ಬಿಸಲೇರತೈತಿ.”

ನೆರೆದವರಲ್ಲಿ ಹಿಂದಿನ ದಿನ ನಕ್ಕವನೇ ಮುಂದೆ ಬಂದು ಬಂಡಿಯಿಂದ ಕೂರಿಗೆ ಇಳಿಸಿದ. ಮಾತಿಗೆ ಕೊರಳು ಕಟ್ಟಿಕೊಂಡಂತೆ ಅದರ ಹಿಂದೆಯೇ ಹೊರಟ ಈ ಮನುಷ್ಯನ ಮುಂದೆ ನನ್ನ ಪ್ರವಚನ ಎಷ್ಟು ಹಗುರವೆಂದು ನನಗೆ ಆಗ ತಿಳಿಯಿತು.

ಐದು ದಿನ ಅವರು ಬಿತ್ತಿದರು. ಅಷ್ಟರಲ್ಲಿ ತಿಕೋಟಾದ ನೆಲ ಬಿರುಕು ಬಿಡತೊಡಗಿತ್ತು. ತಮ್ಮ ಹದಿನಾಲ್ಕು ಎಕರೆಯಲ್ಲಿ ತಗ್ಗಿನ ಐದು ಎಕರೆಗಷ್ಟೇ ಅವರಿಗೆ ಕಡಲೆ ಹಾಕಲು ಆಯಿತು. ಉಳಿದದ್ದು ಆ ವರ್ಷ ಬೀಳು. ಗುರುಬಸವ್ವನ ಜೋಳ ಮಾತ್ರ ಆಳೆತ್ತರ ಬೆಳೆಯಿತು. ರಾಶಿಯ ದಿನ ಆಕೆ ಐದು ಚೀಲ ತಿಕೋಟಾಕ್ಕೆ ಕಳಿಸಿದಳು. ಅವರು ಒಂದನ್ನು ಇಟ್ಟುಕೊಂಡು ನಾಲ್ಕನ್ನು ತಿರುಗಿ ಕಳಿಸಿದರು.

ಆ ಬಳಿಕ ಯಾರು ಎತ್ತು ತೋರಿಸಲು ಕರೆದರೂ ಅವರು ಹೋಗಲಿಲ್ಲ. “ಈ ಕೈ ಸುಳ್ಳ ಹೇಳೇತಿ” ಎನ್ನುತ್ತಿದ್ದರಂತೆ. ಇದನ್ನು ಕೇಳಿದ ಗುರುಬಸವ್ವ ಮರುವರ್ಷದ ಮಳೆಗಾಲದಲ್ಲಿ ಒಂದು ಕೆಲಸ ಮಾಡಿದಳು. ಗೈಬುಸಾಬ ಹೊಸ ರಿಂಗು ಹಾಕಿ ಜೀಪನ್ನು ಸರಿಪಡಿಸಿದ್ದ. ಅದನ್ನು ತನ್ನ ಹೊಲಕ್ಕೆ ಇಳಿಸುವ ಮೊದಲೇ, ಹಿಂದೆ ಕುಂಟೆ ಹೇರಿಸಿ, ಆ ವರ್ಷವೂ ಪ್ರವಚನಕ್ಕೆ ಬಂದಿದ್ದ ನನ್ನನ್ನೂ ಕೂಡಿಸಿಕೊಂಡು ಗೈಬುಸಾಬನ ಜೊತೆ ತಿಕೋಟಾಕ್ಕೆ ಹೊರಟಳು.

ಶಿವಯೋಗೆಪ್ಪನವರು ಅಂಗಳಕ್ಕೆ ಬಂದರು. ಗುಡುಗುತ್ತಿದ್ದ ಜೀಪಿನ ಬಾನೆಟ್ಟಿಗೆ ಕೈ ಹಚ್ಚಿ, ಕೆಂಡ ಮುಟ್ಟಿದವರಂತೆ ಹಿಂದೆಗೆದರು.

“ಬಂದ ಮಾಡ್ರಿ ಇದನ್ನ.”

“ಕಾಕಾ, ನಿಮ್ಮ ಹೊಲಕ್ಕ ಕುಂಟಿ ಹೊಡ್ಯಾಕ ತಂದೇನಿ.”

“ಆರಲಿ ಮೊದಲ.”

ಗೈಬುಸಾಬ ಎಂಜಿನ್ ಆರಿಸಿದ. ನಾವು ಕಟ್ಟೆಯ ಮೇಲೆ ಕುಳಿತೆವು. ರೊಟ್ಟಿಯಾಯಿತು, ಮಜ್ಜಿಗೆಯಾಯಿತು. ಅರ್ಧ ತಾಸಿಗೊಮ್ಮೆ ಅವರು ಎದ್ದು ಹೋಗಿ ಮುಟ್ಟಿ ನೋಡಿ, ಸುಮ್ಮನೆ ತಿರುಗಿ ಬರುತ್ತಿದ್ದರು. ಬಿಸಿಲು ಇಳಿಯಿತು, ಮೋಡ ಕವಿದು ತಂಗಾಳಿ ಬೀಸಿತು. ಕೊನೆಗೆ ಅಂಗೈಯನ್ನು ಬಾನೆಟ್ಟಿನ ಮೇಲೆ ಪೂರ್ತಿ ಊರಿ ನಿಂತು, “ತಣ್ಣಗ ಆಗೇತಿ” ಎಂದರು.

ಗೈಬುಸಾಬ ಹ್ಯಾಂಡಲ್ ಹಾಕಿ ಒಂದೇ ಸುತ್ತು ತಿರುಗಿಸಿದ. ಜೀಪು ಗುಡುಗಿತು. ಮುದುಕರು ಬೆಚ್ಚಿದರು, ಆದರೆ ಕೈ ತೆಗೆಯಲಿಲ್ಲ. ಅದರ ನಡುಕ ಅವರ ತೋಳಿಗೇರಿ ರುಮಾಲಿನ ಚುಂಗು ಅದುರುತ್ತಿತ್ತು.

ಗುರುಬಸವ್ವ ಹತ್ತಿರ ಹೋಗಿ ಕೇಳಿದಳು: “ಈಗ ಏನಂತೀರಿ ಕಾಕಾ?”

“ಹೂಂ” ಎಂದರು. ಸ್ವಲ್ಪ ತಡೆದು, “ಹಿಡೀರಿ” ಎಂದರು.